ಫೋರ್ಜೇಯೋಗೆ ಬಗ್‌ಜಿಲ್ಲಾ ಇಂಪೋರ್ಟರ್: ಕೋರ್ ಒಳಗೆ ಬರೆಯೋಣವೇ, ಹೊರಗಿಡೋಣವೇ?

ತುಂಗಾತೀರ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಫೋರ್ಜೇಯೋಗೆ (ಸ್ವಂತ ಸರ್ವರ್‌ನಲ್ಲಿ ನಡೆಸಬಹುದಾದ, ಗಿಟ್‌ಹಬ್‌ನಂಥ ಕೋಡ್ ತಾಣ) ಬಗ್‌ಜಿಲ್ಲಾದಿಂದ (ದೋಷ ವರದಿಗಳನ್ನು ದಾಖಲಿಸುವ ಬಗ್ ಟ್ರ್ಯಾಕರ್) ಬಗ್‌ಗಳನ್ನು ತರುವ ಇಂಪೋರ್ಟರ್ ಬರೆಯಬೇಕೆಂದು ಹೊರಟಿದ್ದೇನೆ. ಕೋಡ್ ಶುರು ಮಾಡುವ ಮೊದಲು ವಿನ್ಯಾಸದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕು.

ಹಿನ್ನೆಲೆ ಇಷ್ಟು. ನಾವು ಕೆಲವರು ಸೇರಿ ಭಾರತೀಯ ಭಾಷೆಗಳ ಟೈಪಿಂಗ್‌ಗೆ ಸಂಬಂಧಪಟ್ಟ ಒಂದು ಸಣ್ಣ ಓಪನ್ ಸೋರ್ಸ್ ಯೋಜನೆ ನೋಡಿಕೊಳ್ಳುತ್ತೇವೆ. ಕೋಡ್ ಗಿಟ್‌ನಲ್ಲಿದೆ, ಪ್ಯಾಚ್‌ಗಳು ಮೇಲ್‌ನಲ್ಲಿ ಬರುತ್ತವೆ. ಬಗ್‌ಗಳೆಲ್ಲ ಒಂದು ಹಳೇ ಬಗ್‌ಜಿಲ್ಲಾ 5.0ರಲ್ಲಿವೆ. ವರದಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕನ್ನಡದಲ್ಲೇ ಇವೆ. ಆ ಸರ್ವರ್ ನಡೆಸುವುದು ಕಷ್ಟವಾಗುತ್ತಿದೆ. ಹಾಗಾಗಿ ಕೋಡ್, ಬಗ್ ಎರಡನ್ನೂ ಒಟ್ಟಿಗೆ ಫೋರ್ಜೇಯೋಗೆ ಒಯ್ಯುವ ಯೋಚನೆ.

ಫೋರ್ಜೇಯೋದಲ್ಲಿ ಈಗಾಗಲೇ ಮೈಗ್ರೇಶನ್ (ಬೇರೆ ತಾಣದಿಂದ ಕೋಡ್, ಬಗ್‌ಗಳನ್ನು ತರುವ) ಸೌಲಭ್ಯ ಇದೆ. 2016ರಲ್ಲಿ ಗಾಗ್ಸ್ ಎಂಬ ಇಂಥದ್ದೇ ತಂತ್ರಾಂಶದಿಂದ ಗಿಟೀ ಕವಲೊಡೆಯಿತು, 2022ರಲ್ಲಿ ಗಿಟೀಯಿಂದ ಫೋರ್ಜೇಯೋ ಬಂತು. ಮೈಗ್ರೇಶನ್ ಕೋಡ್‌ನ ಬಹುಪಾಲು ಗಿಟೀ ಕಾಲದ್ದೇ. ಗಿಟ್‌ಹಬ್, ಗಿಟ್‌ಲ್ಯಾಬ್, ಗಾಗ್ಸ್, ಒನ್‌ಡೆವ್, ಗಿಟ್‌ಬಕೆಟ್, ಕೋಡ್‌ಬೇಸ್, ಇವೆಲ್ಲದಕ್ಕೂ ಒಂದೊಂದು ಡೌನ್‌ಲೋಡರ್ ಇದೆ. ಫೆಡೋರಾ ಲಿನಕ್ಸ್‌ನವರು ತಮ್ಮ ಹಳೇ ಕೋಡ್ ತಾಣ ಪಗೂರ್ ಬಿಟ್ಟು ಫೋರ್ಜೇಯೋಗೆ ಬರಲು ತೀರ್ಮಾನಿಸಿದ ಮೇಲೆ ಪಗೂರ್‌ನದ್ದೂ ಸೇರಿತು. ಹೊಸದೊಂದು ಮೂಲವನ್ನು ಸೇರಿಸುವ ದಾರಿ ನೇರವಾಗಿದೆ. ಡೌನ್‌ಲೋಡರ್ ಎಂಬ ಗೋ ಭಾಷೆಯ ಇಂಟರ್ಫೇಸ್ ಇದೆ. ಲೇಬಲ್, ಮೈಲ್‌ಸ್ಟೋನ್, ಇಶ್ಯೂ (ಬಗ್‌ಗೆ ಫೋರ್ಜೇಯೋದ ಹೆಸರು), ಕಾಮೆಂಟ್, ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ತರುವ ಒಂದೊಂದು ಮೆಥಡ್ ಅದರಲ್ಲಿದೆ. ನಿಮ್ಮ ಮೂಲದಲ್ಲಿ ಏನಿದೆಯೋ ಅದಕ್ಕೆ ಮಾತ್ರ ಮೆಥಡ್ ಬರೆದರೆ ಸಾಕು. ಉಳಿದವಕ್ಕೆ ನಲ್‌ಡೌನ್‌ಲೋಡರ್ 'ಇದು ಇಲ್ಲಿಲ್ಲ' ಎಂದು ಉತ್ತರ ಕೊಡುತ್ತದೆ. ಕೊನೆಗೆ ಫ್ಯಾಕ್ಟರಿಯನ್ನು ನೋಂದಾಯಿಸಿದರೆ ಮುಗಿಯಿತು.

ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅದರಲ್ಲಿರುವುದೆಲ್ಲ ಕೋಡ್ ಇಡುವ ತಾಣಗಳೇ. ಬರೀ ಬಗ್ ಟ್ರ್ಯಾಕರ್ ಒಂದೂ ಇಲ್ಲ. ಮೈಗ್ರೇಶನ್ ಶುರುವಾಗುವುದೇ 'ಈ ರೆಪೋವನ್ನು ಕ್ಲೋನ್ ಮಾಡು' ಎಂಬಲ್ಲಿಂದ. ಬಗ್‌ಜಿಲ್ಲಾದಲ್ಲಿ ರೆಪೋನೇ (ಕೋಡ್ ಭಂಡಾರ) ಇಲ್ಲ. ನನ್ನ ಮೊದಲ ಪ್ರಶ್ನೆ ಇದೇ: ಕೋರ್‌ನ (ಫೋರ್ಜೇಯೋದ ಮೂಲ ಕೋಡ್) ಒಳಗೆ ಹೊಸ ಡೌನ್‌ಲೋಡರ್ ಬರೆಯುವುದು ಸರಿಯೇ, ಅಥವಾ ಹೊರಗೆ ಬೇರೆ ಉಪಕರಣವಾಗಿ ಇಡಬೇಕೇ?

ಒಂದು ವಿಷಯದಲ್ಲಿ ಮಾತ್ರ ನನಗೆ ಗಟ್ಟಿ ನಿಲುವಿದೆ. ಹಳೇ ಬಗ್ ಸಂಖ್ಯೆ, ಬರೆದವರ ಹೆಸರು, ಬರೆದ ಹೊತ್ತು, ಈ ಮೂರೂ ಇದ್ದ ಹಾಗೇ ಬರಬೇಕು. ಅದಾಗದಿದ್ದರೆ ಇಂಪೋರ್ಟ್ ಮಾಡುವುದಕ್ಕಿಂತ ಹಳೆಯದನ್ನು ಓದಲು ಮಾತ್ರ ಇಟ್ಟುಕೊಳ್ಳುವುದೇ ಮೇಲು.

---

ಸರ್ವರ್_ಕಾವಲು ಬರೆದದ್ದು:

ಒಳ್ಳೆಯ ಕೆಲಸ. ಸಂಖ್ಯೆಯ ಬಗ್ಗೆ ನೀವು ಹೇಳಿದ್ದನ್ನು ನೂರಕ್ಕೆ ನೂರು ಒಪ್ಪುತ್ತೇನೆ. ನಿಮ್ಮ ಗಿಟ್ ಲಾಗ್ ತೆರೆದು ನೋಡಿ. ಎಷ್ಟು ಕಮಿಟ್‌ಗಳಲ್ಲಿ 'ಬಗ್ 412 ಸರಿಪಡಿಸಿದೆ' ಎಂದಷ್ಟೇ ಇದೆ? ಯಾಕೆ ಆ ಸಾಲು ಬದಲಾಯಿತು ಎಂಬುದರ ಇಡೀ ಕಾರಣ ಆ 412ರ ಒಳಗಿದೆ. ಸಂಖ್ಯೆ ಬದಲಾದರೆ ಕಮಿಟ್ ಸಂದೇಶ ಬೇರೆ ಯಾವುದೋ ಬಗ್‌ಗೆ ಬೆರಳು ತೋರಿಸುತ್ತದೆ. ಲಿಂಕ್ ಸತ್ತುಹೋದರೆ ಓದುವವನಿಗೆ ಕಡೇಪಕ್ಷ ಏನೋ ತಪ್ಪಿದೆ ಎಂದು ಗೊತ್ತಾಗುತ್ತದೆ. ತಪ್ಪು ಬಗ್‌ಗೆ ಹೋಗುವ ಲಿಂಕ್ ಅದಕ್ಕಿಂತ ಕೆಟ್ಟದ್ದು, ಅವನು ಅದನ್ನೇ ನಂಬಿಬಿಡುತ್ತಾನೆ.

ಬೇರೆಯವರು ಹೇಗೆ ಮಾಡಿದರು ಅಂತ ನೋಡುವುದು ಒಳ್ಳೆಯದು. ವಿಕಿಮೀಡಿಯಾ 2014ರ ನವೆಂಬರ್‌ನಲ್ಲಿ ಬಗ್‌ಜಿಲ್ಲಾದಿಂದ ಫ್ಯಾಬ್ರಿಕೇಟರ್ ಎಂಬ ಇನ್ನೊಂದು ಟ್ರ್ಯಾಕರ್‌ಗೆ ಹೋಯಿತು. ಫ್ಯಾಬ್ರಿಕೇಟರ್‌ನಲ್ಲಿ ಮೊದಲಿನ ಸಂಖ್ಯೆಗಳು ಆಗಲೇ ಬಳಕೆಯಲ್ಲಿದ್ದವು. ಅವರು ಎಲ್ಲ ಬಗ್ ಸಂಖ್ಯೆಗೂ 2000 ಕೂಡಿಸಿದರು. ಬಗ್ 1 ಅಂದರೆ ಟಿ2001. ಬಗ್ 40000 ಅಂದರೆ ಟಿ42000. ಬೇರೆ ಪಟ್ಟಿಯೇ ಬೇಕಿಲ್ಲ, ಮನಸ್ಸಿನಲ್ಲೇ ಲೆಕ್ಕ ಹಾಕಬಹುದು. ಹಳೇ ವಿಳಾಸಕ್ಕೆ ಹೋದರೆ ಇವತ್ತಿಗೂ ಸರಿಯಾದ ಜಾಗಕ್ಕೆ ತಲುಪುತ್ತೀರಿ. ಕನ್ನಡ ವಿಕಿಪೀಡಿಯದ ಹಳೆಯ ಬಗ್ ಕೊಂಡಿಗಳು ಕೆಲಸ ಮಾಡುತ್ತಿರುವುದೂ ಇದರಿಂದಲೇ.

3ಡಿ ಚಿತ್ರಗಳ ತಂತ್ರಾಂಶ ಬ್ಲೆಂಡರ್‌ನವರು 2023ರ ಫೆಬ್ರವರಿಯಲ್ಲಿ ಫ್ಯಾಬ್ರಿಕೇಟರ್ ಬಿಟ್ಟು ಗಿಟೀಗೆ ಬಂದರು. ಅವರು ಟಾಸ್ಕ್ ಸಂಖ್ಯೆಗಳನ್ನು ಹಾಗೇ ಉಳಿಸಿಕೊಂಡರು. ನಿಮಗೆ ಹತ್ತಿರದ ಉದಾಹರಣೆ ಅದೇ.

ಪೈಥಾನ್‌ನದು ಬೇರೆ ಕಥೆ. 2017ರಲ್ಲೇ ಅವರ ಕೋಡ್ ಗಿಟ್‌ಹಬ್‌ಗೆ ಹೋಗಿ ಪುಲ್ ರಿಕ್ವೆಸ್ಟ್‌ಗಳು ಬರಲು ಶುರುವಾಗಿದ್ದವು. ಬಗ್‌ಗಳು ರೌಂಡಪ್ ಎಂಬ ಟ್ರ್ಯಾಕರ್‌ನಲ್ಲೇ ಇದ್ದವು. 2022ರ ಏಪ್ರಿಲ್‌ನಲ್ಲಿ ಬಗ್‌ಗಳನ್ನು ಒಯ್ಯುವಾಗ ಹಳೇ ಸಂಖ್ಯೆ ಉಳಿಸುವುದು ಸಾಧ್ಯವೇ ಇರಲಿಲ್ಲ. ಗಿಟ್‌ಹಬ್‌ನಲ್ಲಿ ಇಶ್ಯೂಗೂ ಪುಲ್ ರಿಕ್ವೆಸ್ಟ್‌ಗೂ ಸಂಖ್ಯೆಯ ಸಾಲು ಒಂದೇ ಅಲ್ವಾ? ಹಾಗಾಗಿ ಹಳೇ ತಾಣವನ್ನು ಓದಲು ಮಾತ್ರ ಉಳಿಸಿಕೊಂಡು, ಪ್ರತಿ ಹಳೇ ಬಗ್‌ಗೂ ಹೊಸದರ ಕೊಂಡಿ ಹಾಕಿದರು.

ಫೋರ್ಜೇಯೋದಲ್ಲೂ ಸಂಖ್ಯೆಯ ಸಾಲು ಒಂದೇ. ಹಾಗಾಗಿ ಬಗ್ ಮೊದಲು ಬರಲಿ, ಪುಲ್ ರಿಕ್ವೆಸ್ಟ್ ಆಮೇಲೆ ತೆರೆಯಲಿ. ಈ ಅನುಕ್ರಮ ತಪ್ಪಿದರೆ ಆಮೇಲೆ ಸರಿಪಡಿಸಲು ಆಗುವುದಿಲ್ಲ.

---

ಮರ್ಜ್_ಮನೆ ಬರೆದದ್ದು:

ನಾನು ಈ ಯೋಜನೆಯವನಲ್ಲ, ಬೇರೆ ಯೋಜನೆಗಳಲ್ಲಿ ಇಂಥ ಇಂಪೋರ್ಟರ್‌ಗಳನ್ನು ರಿವ್ಯೂ ಮಾಡುತ್ತಾ ಬಂದವನು. ಒಳಗೋ ಹೊರಗೋ ಎಂಬ ಪ್ರಶ್ನೆಗೆ ನನ್ನ ಉತ್ತರ: ಹೊರಗೆ. ಕಾರಣ ಹೇಳುತ್ತೇನೆ.

ಇಂಪೋರ್ಟರ್ ಬರೆಯುವವರು ಸಾಮಾನ್ಯವಾಗಿ ಒಂದೇ ಸಲ ಅದನ್ನು ಬಳಸುತ್ತಾರೆ. ಅವರ ಬಗ್‌ಗಳು ಬಂದು ಸೇರಿದ ಮೇಲೆ ಅವರಿಗೆ ಅದರ ಅಗತ್ಯ ಇರುವುದಿಲ್ಲ. ಆದರೆ ಕೋಡ್ ಕೋರ್‌ನಲ್ಲಿ ಉಳಿಯುತ್ತದೆ. ಇಂಟರ್ಫೇಸ್ ಬದಲಾದಾಗಲೆಲ್ಲ ಯಾರಾದರೂ ಅದನ್ನು ತಿದ್ದಬೇಕು. ಆ ತಿದ್ದುವವರ ಹತ್ತಿರ ಬಗ್‌ಜಿಲ್ಲಾ ಇರುವುದಿಲ್ಲ, ಪರೀಕ್ಷಿಸಲು ಆಗುವುದಿಲ್ಲ. ಕೋರ್ ತಂಡದವರು ಹೊಸ ಡೌನ್‌ಲೋಡರ್ ಕಂಡಾಗ ಹಿಂದೆಮುಂದೆ ನೋಡುವುದು ಇದೇ ಕಾರಣಕ್ಕೆ. ಅದರಲ್ಲಿ ತಪ್ಪೇನೂ ಇಲ್ಲ.

ಫೋರ್ಜೇಯೋದಲ್ಲಿ ಇನ್ನೊಂದು ದಾರಿ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಡಂಪ್-ರೆಪೋ, ರಿಸ್ಟೋರ್-ರೆಪೋ ಎಂಬ ಎರಡು ಕಮಾಂಡ್‌ಗಳು. ಡಂಪ್ ಮಾಡಿದಾಗ ಒಂದು ಫೋಲ್ಡರ್ ಸಿಗುತ್ತದೆ. ಗಿಟ್ ಹೆಸರಿನ ಉಪಫೋಲ್ಡರ್‌ನಲ್ಲಿ ರೆಪೋ ಇರುತ್ತದೆ. ಇಶ್ಯೂ, ಲೇಬಲ್, ಮೈಲ್‌ಸ್ಟೋನ್‌ಗಳಿಗೆ ಒಂದೊಂದು ಯಾಮಲ್ (ತೆರೆದು ಓದಬಹುದಾದ ಪಠ್ಯ ರೂಪದ) ಕಡತ, ಕಾಮೆಂಟ್‌ಗಳಿಗೆ ಪ್ರತ್ಯೇಕ ಫೋಲ್ಡರ್. ರಿಸ್ಟೋರ್ ಮಾಡುವಾಗ ಅದೇ ಫೋಲ್ಡರ್‌ನಿಂದ ಹೊಸ ರೆಪೋ ಹುಟ್ಟುತ್ತದೆ. ವ್ಯಾಲಿಡೇಶನ್ ಆಯ್ಕೆ ಕೊಟ್ಟರೆ ಯಾಮಲ್ ಸರಿಯಿದೆಯೇ ಅಂತ ಸ್ಕೀಮಾ ಜೊತೆ ತಾಳೆ ನೋಡುತ್ತದೆ.

ಅಂದರೆ ನಿಮ್ಮ ಉಪಕರಣ ಬಗ್‌ಜಿಲ್ಲಾ ಓದಿ ಈ ಯಾಮಲ್ ಬರೆದರೆ ಸಾಕು. ನಿಮ್ಮ ಗಿಟ್ ರೆಪೋವನ್ನು ಪಕ್ಕದಲ್ಲಿಟ್ಟರೆ ಕೋಡೂ ಬಗ್ಗೂ ಒಟ್ಟಿಗೆ ಒಳಗೆ ಹೋಗುತ್ತವೆ. 'ಬಗ್‌ಜಿಲ್ಲಾದಲ್ಲಿ ರೆಪೋ ಇಲ್ಲ' ಎಂಬ ನಿಮ್ಮ ತೊಡಕೂ ಇಲ್ಲಿ ಬಗೆಹರಿಯುತ್ತದೆ. ಇಶ್ಯೂ ಸಂಖ್ಯೆಯನ್ನು ನೀವೇ ಬರೆಯುವುದರಿಂದ ಅದೂ ಉಳಿಯುತ್ತದೆ.

ದೊಡ್ಡ ಲಾಭ ಇನ್ನೊಂದಿದೆ. ಮಧ್ಯದಲ್ಲಿ ಕಡತ ಇರುತ್ತದೆ. ತೆರೆದು ಓದಬಹುದು, ಗ್ರೆಪ್ ಮಾಡಬಹುದು, ತಪ್ಪಿದ್ದರೆ ತಿದ್ದಿ ಮತ್ತೆ ರಿಸ್ಟೋರ್ ಮಾಡಬಹುದು. ಪ್ರತಿ ಸಲ ಹಳೇ ಸರ್ವರ್ ಬಾಗಿಲು ತಟ್ಟಬೇಕಿಲ್ಲ.

---

ತುಂಗಾತೀರ:

ಇದು ನನಗೆ ಹಿಡಿಸಿತು. ಒಂದು ಅನುಮಾನ ಮಾತ್ರ ಉಳಿದಿದೆ. ವೆಬ್‌ನಲ್ಲೇ ಒಂದು ಬಟನ್ ಒತ್ತಿ ತರುವ ಅನುಕೂಲ ಹೋಗುತ್ತದಲ್ಲ? ರಿಸ್ಟೋರ್ ಮಾಡಲು ಸರ್ವರ್‌ನ ಅಡ್ಮಿನ್ ಆಗಿರಬೇಕು. ಕೋಡ್‌ಬರ್ಗ್‌ನಂಥ ಸಾರ್ವಜನಿಕ ತಾಣದಲ್ಲಿ ಖಾತೆ ಇರುವ ಸಾಮಾನ್ಯ ಬಳಕೆದಾರರಿಗೆ ಅದು ಆಗುವುದಿಲ್ಲ.

---

ಮರ್ಜ್_ಮನೆ:

ನಿಜ, ಅದು ಹೋಗುತ್ತದೆ. ಆದರೆ ಯೋಚಿಸಿ, ಬಗ್‌ಜಿಲ್ಲಾ ನಡೆಸುವವರು ಯಾರು? ಬಹುತೇಕ ಸ್ವಂತ ಸರ್ವರ್ ಇಟ್ಟುಕೊಂಡವರು. ಫೋರ್ಜೇಯೋವನ್ನೂ ಅವರೇ ನಡೆಸುವ ಸಾಧ್ಯತೆ ಜಾಸ್ತಿ. ಅಲ್ಲದೆ ಬಗ್‌ಜಿಲ್ಲಾದ ಹೊಂದಾಣಿಕೆಗಳನ್ನು ಒಂದು ಫಾರ್ಮ್‌ನಲ್ಲಿ ಹಿಡಿಸಲು ಆಗುವುದಿಲ್ಲ. ಯಾವ ಕಾಂಪೊನೆಂಟ್ ಯಾವ ಲೇಬಲ್ ಆಗಬೇಕು, ಯಾವ ಪ್ರಾಡಕ್ಟ್ ಯಾವ ರೆಪೋಗೆ ಹೋಗಬೇಕು ಅಂತ ಪ್ರತಿ ಯೋಜನೆಯೂ ಕೂತು ತೀರ್ಮಾನಿಸಬೇಕು. ಅದಕ್ಕೊಂದು ಮ್ಯಾಪಿಂಗ್ ಕಡತ ಬೇಕೇಬೇಕು. ಬಟನ್‌ನಿಂದ ಆಗುವ ಕೆಲಸ ಅಲ್ಲ.

---

ಸರ್ವರ್_ಕಾವಲು:

ಒಳಗೆ ಬರೆದಿದ್ದರೂ ಅಡ್ಮಿನ್ ಸಹಾಯ ಬೇಕಾಗುತ್ತಿತ್ತು. ನಮ್ಮಲ್ಲಿ ಹಳೇ ಬಗ್‌ಜಿಲ್ಲಾಗಳು ಹೆಚ್ಚಾಗಿ ಒಳನೆಟ್‌ವರ್ಕ್‌ನಲ್ಲೇ ಇರುತ್ತವೆ. ಫೋರ್ಜೇಯೋದ ಮೈಗ್ರೇಶನ್ ಸುಮ್ನೆ ಎಲ್ಲ ವಿಳಾಸಕ್ಕೂ ಹೋಗುವುದಿಲ್ಲ. ಲೋಕಲ್ ನೆಟ್‌ವರ್ಕ್ ವಿಳಾಸಗಳನ್ನು ಪೂರ್ವನಿಯೋಜಿತವಾಗಿಯೇ ತಡೆದಿಟ್ಟಿದ್ದಾರೆ. ಇಲ್ಲವಾದರೆ ಯಾರು ಬೇಕಾದರೂ ಮೈಗ್ರೇಶನ್ ನೆಪದಲ್ಲಿ ಒಳಗಿನ ಸರ್ವರ್‌ಗಳನ್ನು ಕೆದಕಬಹುದು. ಅದನ್ನು ಬಿಚ್ಚಬೇಕಾದರೆ ಕಾನ್ಫಿಗ್ ಬದಲಿಸಬೇಕು. ಹೊರಗಿನ ಉಪಕರಣಕ್ಕೆ ಈ ತಾಪತ್ರಯ ಇಲ್ಲ.

---

ಹೊಸಬೆಳೆ ಬರೆದದ್ದು:

ನಮಸ್ಕಾರ. ನಾನು ಕಾಲೇಜಿನಲ್ಲಿ ಓದುತ್ತಿದ್ದೇನೆ, ಗೋ ಈಗಷ್ಟೇ ಕಲಿತಿದ್ದೇನೆ. ಈ ಕೆಲಸದಲ್ಲಿ ಸೇರಿಕೊಳ್ಳುವ ಆಸೆ ಇದೆ. ಬಗ್‌ಜಿಲ್ಲಾ ಒಮ್ಮೆಯೂ ಬಳಸಿಲ್ಲ. ಡೇಟಾ ಹೊರತೆಗೆಯುವುದು ಹೇಗೆ? ಡೇಟಾಬೇಸ್‌ನಿಂದ ನೇರವಾಗಿ ಓದಬೇಕೇ?

---

ತುಂಗಾತೀರ:

ಬನ್ನಿ, ಖಂಡಿತ ಸೇರಿಕೊಳ್ಳಿ.

ಡೇಟಾಬೇಸ್ ಮುಟ್ಟುವುದು ಬೇಡ. ಬಗ್‌ಜಿಲ್ಲಾ 5.0ರಿಂದ ರೆಸ್ಟ್ ಎಪಿಐ (ಪ್ರೋಗ್ರಾಂಗಳು ವೆಬ್ ಮೂಲಕ ಡೇಟಾ ಕೇಳುವ ವ್ಯವಸ್ಥೆ) ಇದೆ. ಒಂದು ಪ್ರಾಡಕ್ಟ್‌ನ ಎಲ್ಲ ಬಗ್‌ಗಳನ್ನೂ ಲಿಮಿಟ್, ಆಫ್‌ಸೆಟ್ ಕೊಟ್ಟು ಕಂತಿನಲ್ಲಿ ತರಬಹುದು. ಪ್ರತಿ ಬಗ್‌ನ ಕಾಮೆಂಟ್, ಇತಿಹಾಸ, ಅಟ್ಯಾಚ್‌ಮೆಂಟ್‌ಗೆ ಬೇರೆ ಬೇರೆ ವಿಳಾಸ ಇದೆ. ಅಟ್ಯಾಚ್‌ಮೆಂಟ್‌ನ ಒಡಲು ಬೇಸ್64ರಲ್ಲಿ ಬರುತ್ತದೆ. ಗಮನಿಸಬೇಕಾದ ಒಂದು ವಿಷಯ: ಬಗ್‌ಗೆ ಬೇರೆ ವಿವರಣೆ ಇರುವುದಿಲ್ಲ. ಕಾಮೆಂಟ್ 0 ಇದೆಯಲ್ಲ, ಅದೇ ವಿವರಣೆ. ಅದನ್ನು ಇಶ್ಯೂನ ಒಡಲಿಗೆ ಹಾಕಿ, ಕಾಮೆಂಟ್ 1ರಿಂದ ಮುಂದಿನದನ್ನು ಕಾಮೆಂಟ್ ಮಾಡಬೇಕು. ಇಲ್ಲದಿದ್ದರೆ ಮೊದಲ ಮಾತು ಎರಡು ಸಲ ಬರುತ್ತದೆ.

ಕಂತಿನಲ್ಲಿ ತರುವಾಗ ಬಗ್ ಸಂಖ್ಯೆಯ ಪ್ರಕಾರವೇ ಜೋಡಿಸಿ ಕೇಳಿ. ಕೊನೆಯ ಬದಲಾವಣೆಯ ಪ್ರಕಾರ ಕೇಳಿದರೆ, ನೀವು ಎರಡನೇ ಕಂತು ಕೇಳುವಷ್ಟರಲ್ಲಿ ಯಾರಾದರೂ ಒಂದು ಕಾಮೆಂಟ್ ಹಾಕಿದರೂ ಸಾಲು ಜರುಗುತ್ತದೆ. ಒಂದು ಬಗ್ ಎರಡು ಸಲ ಬಂದು ಇನ್ನೊಂದು ತಪ್ಪಿಹೋಗುತ್ತದೆ. ಎಚ್ಚರಿಕೆಯೂ ಬರುವುದಿಲ್ಲ, ಲೆಕ್ಕ ತಾಳೆ ನೋಡಿದರೆ ಮಾತ್ರ ಗೊತ್ತಾಗುತ್ತದೆ.

---

ಸರ್ವರ್_ಕಾವಲು:

5.0ಕ್ಕಿಂತ ಹಳೆಯದನ್ನು ಇಟ್ಟುಕೊಂಡವರೂ ಇದ್ದಾರೆ. ಅಲ್ಲಿ ರೆಸ್ಟ್ ಇಲ್ಲ, ಎಕ್ಸ್‌ಎಂಎಲ್-ಆರ್‌ಪಿಸಿ ಎಂಬ ಹಳೇ ಎಪಿಐ ಇದೆ. ಅದಕ್ಕಿಂತ ಸುಲಭದ ದಾರಿ ಬಗ್ ಪುಟವನ್ನೇ ಎಕ್ಸ್‌ಎಂಎಲ್ ರೂಪದಲ್ಲಿ ಕೇಳುವುದು. ಪುಟದ ವಿಳಾಸಕ್ಕೆ ಸಿಟೈಪ್ ಎಕ್ಸ್‌ಎಂಎಲ್ ಎಂದು ಸೇರಿಸಿದರೆ ಬಗ್, ಕಾಮೆಂಟ್, ಅಟ್ಯಾಚ್‌ಮೆಂಟ್ ಎಲ್ಲ ಒಂದೇ ಕಡತದಲ್ಲಿ ಬರುತ್ತವೆ. ಹಲವು ಬಗ್‌ಗಳನ್ನು ಒಟ್ಟಿಗೂ ಕೇಳಬಹುದು. ಓದುವ ಭಾಗವನ್ನು ಎರಡು ಬಗೆಯಲ್ಲಿ ಬರೆದು, ಮುಂದಿನದನ್ನೆಲ್ಲ ಒಂದೇ ಇಟ್ಟುಕೊಂಡರೆ ಹಳಬರಿಗೂ ಅನುಕೂಲ.

ಹಳೇ ಸರ್ವರ್‌ಗಳ ಮೇಲೆ ಕರುಣೆ ಇರಲಿ. ಪರ್ಲ್ ಸಿಜಿಐ ಮೇಲೆ ಓಡುತ್ತಿರುವ ಬಗ್‌ಜಿಲ್ಲಾಗೆ ಒಂದೇ ಸಲಕ್ಕೆ ನೂರು ಕರೆ ಹೋದರೆ ಉಸಿರು ಕಟ್ಟುತ್ತದೆ. ಬೇಕಾದ ಫೀಲ್ಡ್‌ಗಳನ್ನು ಮಾತ್ರ ಕೇಳಿ. ಒಂದು ಕರೆ ಮುಗಿದ ಮೇಲೆ ಇನ್ನೊಂದು ಮಾಡಿ. ತಂದದ್ದನ್ನು ಡಿಸ್ಕ್‌ನಲ್ಲಿ ಹಾಗೇ ಇಟ್ಟುಕೊಳ್ಳಿ.

---

ಅಕ್ಷರಜೋಡಣೆ ಬರೆದದ್ದು:

ಫಾಂಟ್, ಅನುವಾದ ಕಡೆಯವಳು ನಾನು. ವರದಿಗಳು ಕನ್ನಡದಲ್ಲಿವೆ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಂಪೋರ್ಟರ್‌ಗಳು ಕನ್ನಡವನ್ನು ಕೆಡಿಸುವ ಜಾಗಗಳು ಕೆಲವಿವೆ. ಮೊದಲೇ ಪರೀಕ್ಷೆ ಬರೆದಿಟ್ಟುಕೊಂಡರೆ ಒಳ್ಳೆಯದು.

ಮೊದಲನೆಯದು ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ರೀತಿ. ಬಹಳ ಹಳೇ ಬಗ್‌ಜಿಲ್ಲಾಗಳಲ್ಲಿ ಯುಟಿಎಫ್-8 ಕಡ್ಡಾಯವಾಗಿರಲಿಲ್ಲ. ಬ್ರೌಸರ್ ಏನು ಕಳಿಸಿತೋ ಅದೇ ಬೈಟ್‌ಗಳು ಡೇಟಾಬೇಸ್‌ನಲ್ಲಿ ಕೂತಿವೆ. ಆಮೇಲೆ ಅಪ್‌ಗ್ರೇಡ್ ಮಾಡಿದ್ದರೆ ಯುಟಿಎಫ್-8ಕ್ಕೆ ಬದಲಿಸುವ ರೀಕೋಡ್ ಸ್ಕ್ರಿಪ್ಟ್ ಓಡಿಸಿದ್ದಾರೋ ಇಲ್ಲವೋ ಕೇಳಿಕೊಳ್ಳಿ. ಬಗ್‌ಜಿಲ್ಲಾದ ಕಾಂಟ್ರಿಬ್ ಫೋಲ್ಡರ್‌ನಲ್ಲೇ ಅದು ಇದೆ. ಕೆಟ್ಟ ಅಕ್ಷರಗಳನ್ನು ಮೂಲದಲ್ಲೇ ಸರಿಪಡಿಸಿ, ಆಮೇಲೆ ತನ್ನಿ. ಇಂಪೋರ್ಟರ್ ಊಹೆ ಮಾಡಿ ತಿದ್ದಲು ಹೋಗಬಾರದು.

ಎರಡನೆಯದು ಕತ್ತರಿಸುವುದು. ಬಗ್‌ಜಿಲ್ಲಾ ಶೀರ್ಷಿಕೆಗೆ 255ರ ಮಿತಿ ಇದೆ. ನೀವು ಮುಂದೆ ಪ್ರಾಡಕ್ಟ್ ಹೆಸರು ಸೇರಿಸಿದರೆ ಉದ್ದವಾಗಿ, ಕತ್ತರಿಸಬೇಕಾಗಿ ಬರಬಹುದು. ಗೋದಲ್ಲಿ ಸ್ಟ್ರಿಂಗ್‌ನ ಉದ್ದ ಕೇಳಿದರೆ ಬೈಟ್ ಲೆಕ್ಕ ಸಿಗುತ್ತದೆ. ಕನ್ನಡದ ಪ್ರತಿ ಕೋಡ್‌ಪಾಯಿಂಟ್ (ಯೂನಿಕೋಡ್ ಸಂಖ್ಯೆ ಇರುವ ಬಿಡಿ ಚಿಹ್ನೆ) ಯುಟಿಎಫ್-8ರಲ್ಲಿ 3 ಬೈಟ್. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ. ಒಳಗೆ 6 ಕೋಡ್‌ಪಾಯಿಂಟ್, 18 ಬೈಟ್. ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಕೊನೆಯಲ್ಲಿ ಕಸ ಉಳಿಯುತ್ತದೆ, ಯಾಮಲ್ ಕಡತವೇ ಓದಲು ಬರದೆ ಹೋಗಬಹುದು. ರೂನ್ (ಗೋದಲ್ಲಿ ಕೋಡ್‌ಪಾಯಿಂಟ್‌ನ ಹೆಸರು) ಲೆಕ್ಕದಲ್ಲಿ ಕತ್ತರಿಸಿದರೆ ಯುಟಿಎಫ್-8 ಸರಿ ಇರುತ್ತದೆ, ಆದರೆ ಒತ್ತಕ್ಷರದ ನಡುವೆ ತುಂಡಾಗಿ ಪದದ ತುದಿಯಲ್ಲಿ ಬರೀ ಹಲಂತ ಉಳಿಯುತ್ತದೆ. ಪದಗಳ ನಡುವಿನ ಖಾಲಿ ಜಾಗದಲ್ಲಿ ಕತ್ತರಿಸಿ. ಇದಕ್ಕಿಂತ ಸರಳವಾದ ಸರಿ ದಾರಿ ಇಲ್ಲ.

ಮೂರನೆಯದು ಕಣ್ಣಿಗೆ ಕಾಣದ ಅಕ್ಷರಗಳು. ಕೆಲವರು ಪಠ್ಯ 'ಶುದ್ಧ' ಮಾಡಲು ಹೋಗಿ ಅಗಲವಿಲ್ಲದ ಅಕ್ಷರಗಳನ್ನೆಲ್ಲ ಅಳಿಸುತ್ತಾರೆ. ನಮಗೆ ಅವು ಬೇಕು. 'ಸಾಫ್ಟ್‌ವೇರ್' ಎಂದು ಬರೆದದ್ದು 'ಸಾಫ್ಟ್ವೇರ್' ಆಗುತ್ತದೆ, ನೋಡಿ. ಟೈಪಿಂಗ್ ಉಪಕರಣದ ಬಗ್ ವರದಿಯಲ್ಲಿ ಇದು ಇನ್ನೂ ಗಂಭೀರ. 'ಈ ಕೀ ಒತ್ತಿದರೆ ಹೀಗೆ ಮೂಡಬೇಕಿತ್ತು, ಹೀಗೆ ಮೂಡಿತು' ಎಂದು ಒಬ್ಬರು ಬರೆದಿರುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸವೇ ಆ ಕಾಣದ ಅಕ್ಷರ. ಅದು ಹೋದರೆ ಇಡೀ ವರದಿಗೆ ಅರ್ಥವೇ ಉಳಿಯುವುದಿಲ್ಲ.

ಎಮೋಜಿ ಬಗ್ಗೆ ಒಂದು ಮಾತು. ಮೈಎಸ್‌ಕ್ಯೂಎಲ್‌ನ ಹಳೇ 'ಯುಟಿಎಫ್8' 3 ಬೈಟ್‌ವರೆಗೆ ಮಾತ್ರ. ಕನ್ನಡ ಅದರಲ್ಲಿ ಹಿಡಿಯುತ್ತದೆ, 4 ಬೈಟ್‌ನ ಎಮೋಜಿ ಹಿಡಿಯುವುದಿಲ್ಲ. ಹಳೆಯ ಕಾಮೆಂಟ್ ಅರ್ಧಕ್ಕೇ ನಿಂತಂತೆ ಕಂಡರೆ ಅದು ಇಂಪೋರ್ಟರ್‌ನ ತಪ್ಪೇ ಆಗಿರಬೇಕಿಲ್ಲ.

---

ತುಂಗಾತೀರ:

ತುಂಬಾ ಉಪಕಾರವಾಯಿತು. ಮೂರನೆಯ ಅಂಶ ನಮ್ಮ ಯೋಜನೆಗೆ ಜೀವಾಳ. ಪಠ್ಯವನ್ನು ಯಾವ ನಾರ್ಮಲೈಸೇಶನ್‌ಗೂ ಒಳಪಡಿಸದೆ ಬೈಟ್‌ಗೆ ಬೈಟ್ ಉಳಿಸುವುದನ್ನು ನಿಯಮವಾಗಿ ಬರೆದಿಡುತ್ತೇನೆ.

ಆದರೆ ಇಲ್ಲೇ ಒಂದು ಇಕ್ಕಟ್ಟು ಇದೆ. ಬಗ್‌ಜಿಲ್ಲಾ ಕಾಮೆಂಟ್ ಸಾದಾ ಪಠ್ಯ. ಫೋರ್ಜೇಯೋ ಅದನ್ನು ಮಾರ್ಕ್‌ಡೌನ್ (ಚಿಹ್ನೆಗಳಿಂದ ಪಠ್ಯಕ್ಕೆ ರೂಪ ಕೊಡುವ ಬರಹ) ಎಂದು ಓದುತ್ತದೆ. ಸಿ ಕೋಡ್‌ನ ಇನ್‌ಕ್ಲೂಡ್ ಸಾಲು ಕಾಮೆಂಟ್‌ನಲ್ಲಿದ್ದರೆ, ಕೋನ ಆವರಣದ ಒಳಗಿನ ಕಡತದ ಹೆಸರು ಎಚ್‌ಟಿಎಂಎಲ್ ಟ್ಯಾಗ್ ಎಂದು ಭಾವಿಸಿ ಮಾಯವಾಗುತ್ತದೆ. ಹ್ಯಾಶ್ (#) ಮತ್ತು ಖಾಲಿ ಜಾಗದಿಂದ ಶುರುವಾದ ಲಾಗ್ ಸಾಲು ದಪ್ಪ ತಲೆಬರಹವಾಗುತ್ತದೆ. ವೇರಿಯಬಲ್ ಹೆಸರುಗಳ ಸುತ್ತ ಇರುವ ಅಡಿಗೆರೆ, ನಕ್ಷತ್ರಗಳು ಅಕ್ಷರವನ್ನು ಓರೆ ಮಾಡುತ್ತವೆ. ಬ್ಯಾಕ್‌ಟ್ರೇಸ್‌ನಲ್ಲಿ (ಕ್ರ್ಯಾಶ್ ಆದಾಗಿನ ಫಂಕ್ಷನ್ ಕರೆಗಳ ಪಟ್ಟಿ) ಹ್ಯಾಶ್ 1, ಹ್ಯಾಶ್ 2 ಎಂದು ಇರುವುದೆಲ್ಲ ಇಶ್ಯೂ 1, ಇಶ್ಯೂ 2ಕ್ಕೆ ಕೊಂಡಿಯಾಗುತ್ತವೆ. ಕ್ರ್ಯಾಶ್ ವರದಿ ಇರುವ ಪ್ರತಿ ಬಗ್ಗೂ ಮೊದಲ ಕೆಲವು ಇಶ್ಯೂಗಳಿಗೆ ಜೋತುಬೀಳುತ್ತದೆ.

ಇಡೀ ಕಾಮೆಂಟನ್ನು ಕೋಡ್ ಬೇಲಿಯೊಳಗೆ (ಪಠ್ಯವನ್ನು ಇದ್ದ ಹಾಗೇ ತೋರಿಸುವ ಮಾರ್ಕ್‌ಡೌನ್ ಗುರುತು) ಹಾಕಿದರೆ ಎಲ್ಲ ಸುರಕ್ಷಿತ. ಆದರೆ ಉದ್ದ ಸಾಲುಗಳು ಪಕ್ಕಕ್ಕೆ ಓಡುತ್ತವೆ, 'ಬಗ್ 57 ನೋಡಿ' ಎಂಬ ನಿಜವಾದ ಕೊಂಡಿಗಳೂ ಸಾಯುತ್ತವೆ. ಏನು ಮಾಡಬಹುದು?

---

ಮರ್ಜ್_ಮನೆ:

ಪ್ಯಾರಾ ಪ್ಯಾರಾವಾಗಿ ನೋಡಿ. ಬ್ಯಾಕ್‌ಟ್ರೇಸ್, ಡಿಫ್, ಇಂಡೆಂಟ್ ಆದ ಕೋಡ್ ಅನಿಸುವ ಪ್ಯಾರಾಗಳನ್ನು ಮಾತ್ರ ಬೇಲಿಯೊಳಗೆ ಹಾಕಿ. ಉಳಿದದ್ದರಲ್ಲಿ ಮಾರ್ಕ್‌ಡೌನ್ ಚಿಹ್ನೆಗಳನ್ನು ಎಸ್ಕೇಪ್ ಮಾಡಿ, ಅಂದರೆ ಅವು ಬರೀ ಅಕ್ಷರಗಳಾಗಿಯೇ ಕಾಣುವಂತೆ ಮಾಡಿ. 'ಬಗ್' ಪದದ ಜೊತೆ ಸಂಖ್ಯೆ ಇದ್ದರೆ ಮಾತ್ರ ಇಶ್ಯೂ ಕೊಂಡಿ ಮಾಡಿ, ಬರೀ ಹ್ಯಾಶ್ ಇದ್ದರೆ ಬೇಡ. ಬಗ್‌ಜಿಲ್ಲಾ ತಾನೇ ಕೊಂಡಿ ಮಾಡುತ್ತಿದ್ದುದೂ 'ಬಗ್ 57', 'ಕಾಮೆಂಟ್ 4', 'ಅಟ್ಯಾಚ್‌ಮೆಂಟ್ 12' ಎಂಬಂಥ ಮಾತುಗಳಿಗೆ.

ಅಟ್ ಚಿಹ್ನೆಯನ್ನೂ ಮರೆಯಬೇಡಿ. ಹಳೇ ಕಾಮೆಂಟ್‌ನಲ್ಲಿ ಯಾರನ್ನೋ ಹೆಸರಿಡಿದು ಕರೆದಿರುತ್ತಾರೆ. ಹೊಸ ತಾಣದಲ್ಲಿ ಅದೇ ಹೆಸರಿನ ಬೇರೆಯವರಿದ್ದರೆ ಅವರ ತಲೆಗೆ ಕಟ್ಟಿದಂತಾಗುತ್ತದೆ.

ಮೂಲ ಪಠ್ಯವನ್ನು ಎಸೆಯಬೇಡಿ. ಪ್ರತಿ ಬಗ್‌ನ ಮೂಲ ಜೆಸನ್ ಅನ್ನು ಬೇರೆ ಆರ್ಕೈವ್ ಆಗಿ ಇಡಿ. ಪರಿವರ್ತನೆಯಲ್ಲಿ ಏನೇ ಹೆಚ್ಚುಕಮ್ಮಿ ಆದರೂ ಹೋಲಿಸಿ ನೋಡಬಹುದು.

---

ಹೊಸಬೆಳೆ:

ಸ್ಥಿತಿಗಳ ಬಗ್ಗೆ ಕೇಳಬೇಕಿತ್ತು. ಬಗ್‌ಜಿಲ್ಲಾದಲ್ಲಿ ಅನ್‌ಕನ್ಫರ್ಮ್ಡ್, ಕನ್ಫರ್ಮ್ಡ್, ಇನ್ ಪ್ರೋಗ್ರೆಸ್, ರಿಸಾಲ್ವ್ಡ್, ವೆರಿಫೈಡ್ ಎಂದೆಲ್ಲ ಇದೆ. ಫೋರ್ಜೇಯೋದಲ್ಲಿ ತೆರೆದಿದೆ, ಮುಚ್ಚಿದೆ ಎರಡೇ. ಉಳಿದದ್ದನ್ನು ಬಿಟ್ಟುಬಿಡುವುದೇ?

---

ತುಂಗಾತೀರ:

ಬಿಡುವುದು ಬೇಡ. ಮುಚ್ಚಿದ ಬಗ್ ಯಾಕೆ ಮುಚ್ಚಿತು ಎಂಬುದೇ ಮುಖ್ಯ. 'ಸರಿಪಡಿಸಿದೆ' ಎಂದು ಮುಚ್ಚುವುದಕ್ಕೂ 'ಸರಿಪಡಿಸುವುದಿಲ್ಲ' ಎಂದು ಮುಚ್ಚುವುದಕ್ಕೂ ಅಜಗಜಾಂತರ. ಫೋರ್ಜೇಯೋದಲ್ಲಿ ಓರೆಗೆರೆ ಇರುವ ಲೇಬಲ್‌ಗಳನ್ನು 'ಎಕ್ಸ್‌ಕ್ಲೂಸಿವ್' ಮಾಡಬಹುದು. ಅಂದರೆ 'ಸ್ಥಿತಿ/ಖಚಿತ', 'ಸ್ಥಿತಿ/ನಡೆಯುತ್ತಿದೆ' ಇವುಗಳಲ್ಲಿ ಒಂದು ಇಶ್ಯೂಗೆ ಒಂದೇ ಅಂಟುತ್ತದೆ. ಸ್ಥಿತಿ, ಪರಿಹಾರ, ಕಾಂಪೊನೆಂಟ್, ತೀವ್ರತೆ ನಾಲ್ಕಕ್ಕೂ ಇದು ಹೊಂದುತ್ತದೆ. ಟಾರ್ಗೆಟ್ ಮೈಲ್‌ಸ್ಟೋನ್ ನೇರವಾಗಿ ಮೈಲ್‌ಸ್ಟೋನ್ ಆಗುತ್ತದೆ. ಬಗ್‌ಜಿಲ್ಲಾದಲ್ಲಿ ಮೈಲ್‌ಸ್ಟೋನ್ ಇಡದಿದ್ದರೆ ಮೂರು ಅಡ್ಡಗೆರೆ ಇರುತ್ತದೆ, ಅದನ್ನು ಮೈಲ್‌ಸ್ಟೋನ್ ಮಾಡಬೇಡಿ.

ಡುಪ್ಲಿಕೇಟ್, ಅವಲಂಬನೆ ಇವಕ್ಕೆ ಮೈಗ್ರೇಶನ್ ರೂಪದಲ್ಲಿ ಜಾಗ ಇಲ್ಲ. ಅವನ್ನು ಇಶ್ಯೂ ಒಡಲಿನ ಕೊನೆಗೆ ಒಂದು ಸಣ್ಣ ಕೋಷ್ಟಕದಲ್ಲಿ ಬರೆಯುತ್ತೇನೆ. ಹೊಂದದ ಮಾಹಿತಿ ಪಠ್ಯವಾಗಿ ಉಳಿಯಬೇಕು, ಕಳೆದುಹೋಗಬಾರದು. ಸಿಸಿ ಪಟ್ಟಿ, ಮತಗಳನ್ನು ಮಾತ್ರ ಬಿಡೋಣ ಅಂದುಕೊಂಡಿದ್ದೇನೆ. ಯಾರಿಗಾದರೂ ಆಕ್ಷೇಪ ಇದ್ದರೆ ಹೇಳಿ.

---

ಅಕ್ಷರಜೋಡಣೆ:

ಸಿಸಿ ಪಟ್ಟಿ ಬಿಡುವುದೇ ಸರಿ. ಅದು ಜನರ ಇಮೇಲ್ ಪಟ್ಟಿ.

ಇಮೇಲ್ ಬಗ್ಗೆ ನಿಮ್ಮ ಯೋಚನೆ ಏನು? ಬಗ್‌ಜಿಲ್ಲಾದಲ್ಲಿ ಬಳಕೆದಾರರ ಹೆಸರೇ ಸಾಮಾನ್ಯವಾಗಿ ಇಮೇಲ್. ಲಾಗಿನ್ ಆಗದವರಿಗೆ ಅಟ್ ಚಿಹ್ನೆಯ ಹಿಂದಿನ ಭಾಗ ಮಾತ್ರ ಕಾಣುತ್ತದೆ. ಎಪಿಐ ಕೀ ಕೊಟ್ಟು ತಂದರೆ ಪೂರ್ತಿ ವಿಳಾಸ ಬರುತ್ತದೆ. ಅದು ಹೊಸ ತಾಣದಲ್ಲಿ ಬಹಿರಂಗವಾದರೆ ಹತ್ತು ವರ್ಷದ ಹಿಂದೆ ಒಂದು ಬಗ್ ಹಾಕಿದ ಪಾಪದವರಿಗೆಲ್ಲ ಸ್ಪ್ಯಾಮ್ ಶುರುವಾಗುತ್ತದೆ. ಅವರು ಇದಕ್ಕೆ ಒಪ್ಪಿಗೆ ಕೊಟ್ಟಿಲ್ಲ.

---

ಸರ್ವರ್_ಕಾವಲು:

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಅಡ್ಮಿನ್ ಖಾತೆಯ ಕೀ ಬಳಸಿದರೆ ಗುಪ್ತ ಬಗ್‌ಗಳೂ ಬರುತ್ತವೆ. ಭದ್ರತೆಯ ಬಗ್‌ಗಳನ್ನು ಗ್ರೂಪ್ ಹಾಕಿ ಮುಚ್ಚಿಟ್ಟಿರುತ್ತಾರೆ. ತೆರೆದ ಬಗ್‌ನ ಒಳಗೂ ಖಾಸಗಿ ಎಂದು ಗುರುತು ಹಾಕಿದ ಕಾಮೆಂಟ್‌ಗಳಿರುತ್ತವೆ. ಫೋರ್ಜೇಯೋದಲ್ಲಿ ಒಂದು ರೆಪೋದ ಇಶ್ಯೂಗಳಲ್ಲಿ ಕೆಲವನ್ನು ಮಾತ್ರ ಮುಚ್ಚಿಡಲು ಬರುವುದಿಲ್ಲ. ಅಲ್ಲಿಗೆ ಹೋದದ್ದೆಲ್ಲ ಬಯಲಾಗುತ್ತದೆ.

ನನ್ನ ಸಲಹೆ: ಲಾಗಿನ್ ಇಲ್ಲದೆಯೇ ತನ್ನಿ. ಹೊರಗಿನವರಿಗೆ ಇವತ್ತು ಏನು ಕಾಣುತ್ತಿದೆಯೋ ಅಷ್ಟೇ ಬರಲಿ. ಇಮೇಲ್ ತೊಂದರೆಯೂ ತಾನಾಗಿ ಹೋಗುತ್ತದೆ. ಗುಪ್ತ ಬಗ್‌ಗಳ ಸಂಖ್ಯೆಯನ್ನು ಖಾಲಿ ಬಿಡಿ. ಬೇಕಾದವರು ಆಮೇಲೆ ಕೈಯಿಂದ ಬೇರೆ ಖಾಸಗಿ ರೆಪೋಗೆ ತಂದುಕೊಳ್ಳಲಿ. ಕೀ ಕೊಡುವ ಸೌಲಭ್ಯ ಇಟ್ಟರೂ ಗ್ರೂಪ್ ಇರುವ ಬಗ್, ಖಾಸಗಿ ಕಾಮೆಂಟ್ ಎರಡನ್ನೂ ಕೈಬಿಡುವುದು ಪೂರ್ವನಿಯೋಜಿತವಾಗಿರಲಿ.

---

ತುಂಗಾತೀರ:

ಒಪ್ಪಿದೆ. ಲಾಗಿನ್ ಇಲ್ಲದೆ ತರುವುದೇ ಮುಖ್ಯ ದಾರಿ. ಹೆಸರಿನ ಜಾಗದಲ್ಲಿ ಬಗ್‌ಜಿಲ್ಲಾ ತೋರಿಸುವ ನಿಜ ಹೆಸರು, ಅದಿಲ್ಲದಿದ್ದರೆ ಅಟ್ ಚಿಹ್ನೆಯ ಹಿಂದಿನ ಭಾಗ. ಇಮೇಲ್ ಫೀಲ್ಡ್ ಖಾಲಿ.

ಹೆಸರಿನ ವಿಷಯದಲ್ಲಿ ಫೋರ್ಜೇಯೋ ಚೆನ್ನಾಗಿದೆ. ಮೈಗ್ರೇಶನ್‌ನಲ್ಲಿ ಬಂದ ಕಾಮೆಂಟ್‌ಗೆ ಮೂಲ ಲೇಖಕರ ಹೆಸರನ್ನು ಬೇರೆ ಫೀಲ್ಡ್‌ನಲ್ಲಿ ಇಟ್ಟು ತೋರಿಸುತ್ತದೆ, ಹಳೇ ತಾರೀಖೂ ಉಳಿಯುತ್ತದೆ. ಎಷ್ಟೋ ಕಡೆ ಇಂಪೋರ್ಟ್ ಆದ ಎಲ್ಲ ಮಾತೂ ಒಂದು ಬಾಟ್ ಹೆಸರಿನಲ್ಲಿ, ಇಂಪೋರ್ಟ್ ಮಾಡಿದ ದಿನದ ತಾರೀಖಿನಲ್ಲಿ ಕಾಣುವುದನ್ನು ನೋಡಿ ಬೇಸರವಾಗುತ್ತದೆ. ವರ್ಷಗಟ್ಟಲೆ ಯಾರೋ ರಾತ್ರಿ ಕೂತು ಬಗ್ ಹಿಡಿದಿರುತ್ತಾರೆ. ಅದು ಅವರ ಹೆಸರಿನಲ್ಲೇ ಉಳಿಯಬೇಕು.

---

ಮರ್ಜ್_ಮನೆ:

ಪರೀಕ್ಷೆಗಳ ಬಗ್ಗೆ ಒಂದು ಮಾತು. ಗಿಟೀ, ಫೋರ್ಜೇಯೋ ಎರಡರಲ್ಲೂ ಮೈಗ್ರೇಶನ್ ಪರೀಕ್ಷೆಗೆ ಮಾಕ್ ವೆಬ್ ಸರ್ವರ್ ಇದೆ. ಒಮ್ಮೆ ನಿಜವಾದ ತಾಣದಿಂದ ಉತ್ತರಗಳನ್ನು ಕಡತಕ್ಕೆ ಇಳಿಸಿಕೊಂಡು, ಆಮೇಲೆ ಪ್ರತಿ ಸಲ ಆ ಕಡತದಿಂದಲೇ ಪರೀಕ್ಷೆ ಓಡಿಸುತ್ತಾರೆ. ನೀವೂ ಅದೇ ಪದ್ಧತಿ ಅನುಸರಿಸಿ. ಕಂಟೇನರ್‌ನಲ್ಲಿ ಒಂದು ಬಗ್‌ಜಿಲ್ಲಾ ಎಬ್ಬಿಸಿ, ಕೈಯಿಂದ ಕಷ್ಟದ ಬಗ್‌ಗಳನ್ನು ಹಾಕಿ, ಅದರ ಉತ್ತರವನ್ನು ಫಿಕ್ಸ್ಚರ್ (ಪರೀಕ್ಷೆಗೆ ಇಟ್ಟುಕೊಳ್ಳುವ ಮಾದರಿ ಕಡತ) ಮಾಡಿ. ನಿಜವಾದ ಜನರ ಮಾತನ್ನು ಫಿಕ್ಸ್ಚರ್‌ನಲ್ಲಿ ಇಡಬೇಡಿ.

ಪರವಾನಗಿಯನ್ನೂ ಮೊದಲೇ ನಿರ್ಧರಿಸಿ. ಫೋರ್ಜೇಯೋ 2024ರ 9ನೇ ಆವೃತ್ತಿಯಿಂದ ಜಿಪಿಎಲ್ 3 ಅಥವಾ ನಂತರದ್ದು. ಗಿಟೀ ಎಂಐಟಿ. ನಿಮ್ಮ ಉಪಕರಣ ಎರಡೂ ಕಡೆ ಬಳಕೆಗೆ ಬರುತ್ತದೆ, ಯಾಕೆಂದರೆ ರಿಸ್ಟೋರ್-ರೆಪೋ ಎರಡರಲ್ಲೂ ಇದೆ. ಫೋರ್ಜೇಯೋದ ಈಚಿನ ಕೋಡ್ ನಕಲು ಮಾಡಿಕೊಂಡರೆ ನಿಮ್ಮದೂ ಜಿಪಿಎಲ್ ಆಗಲೇಬೇಕು. ಸ್ವಂತವಾಗಿ ಬರೆದರೆ ಆಯ್ಕೆ ನಿಮ್ಮದು.

---

ಹೊಸಬೆಳೆ:

ಕಂಟೇನರ್‌ನಲ್ಲಿ ಬಗ್‌ಜಿಲ್ಲಾ ಎಬ್ಬಿಸಿದೆ. ಅಕ್ಷರಜೋಡಣೆ ಅವರು ಹೇಳಿದ ಕನ್ನಡದ ಉದಾಹರಣೆಗಳು, ಇನ್‌ಕ್ಲೂಡ್ ಸಾಲು, ಬ್ಯಾಕ್‌ಟ್ರೇಸ್, ಖಾಸಗಿ ಕಾಮೆಂಟ್ ಎಲ್ಲವನ್ನೂ ಬಗ್ ಆಗಿ ಹಾಕಿದ್ದೇನೆ. ಎಸ್ಕೇಪ್ ಮಾಡುವ ಭಾಗವನ್ನು ನಾನು ಬರೆಯಬಹುದೇ? 'ಸಾಫ್ಟ್‌ವೇರ್' ಪರೀಕ್ಷೆ ಪಾಸ್ ಆಗಿದೆ. ಬ್ಯಾಕ್‌ಟ್ರೇಸ್ ಗುರುತಿಸುವುದು ಇನ್ನೂ ಸರಿಯಾಗುತ್ತಿಲ್ಲ, ಜಿಡಿಬಿ (ಡಿಬಗ್ಗರ್) ಸಾಲು ಮುರಿದು ಎರಡನೇ ಸಾಲಿಗೆ ಹೋದಾಗ ಬೇಲಿ ಅಲ್ಲೇ ಮುಚ್ಚಿಕೊಳ್ಳುತ್ತದೆ.

---

ತುಂಗಾತೀರ:

ಬರೆಯಿರಿ, ಆ ಭಾಗ ನಿಮ್ಮದೇ. ಜಿಡಿಬಿ ಚೌಕಟ್ಟಿನ ಸಾಲು ಹ್ಯಾಶ್ ಮತ್ತು ಅಂಕಿಯಿಂದ ಶುರುವಾಗುತ್ತದೆ. ಅಂಥದ್ದು ಒಂದು ಸಿಕ್ಕ ಮೇಲೆ ಖಾಲಿ ಸಾಲು ಬರುವವರೆಗೆ ಬೇಲಿ ಮುಚ್ಚಬೇಡಿ.

ತೀರ್ಮಾನ ಆದದ್ದು: ಉಪಕರಣ ಹೊರಗೆ, ಫಲ ರಿಸ್ಟೋರ್-ರೆಪೋ ಓದುವ ಯಾಮಲ್. ಲಾಗಿನ್ ಇಲ್ಲದೆ ಓದುವುದು. ಓದುವ ಭಾಗ ರೆಸ್ಟ್ ಮತ್ತು ಎಕ್ಸ್‌ಎಂಎಲ್ ಎರಡಕ್ಕೂ. ಬಗ್ ಸಂಖ್ಯೆಯೇ ಇಶ್ಯೂ ಸಂಖ್ಯೆ. ಹಳೇ ವಿಳಾಸದಿಂದ ಹೊಸದಕ್ಕೆ ಕಳಿಸುವ ಎಂಜಿನ್‌ಎಕ್ಸ್ (ವೆಬ್ ಸರ್ವರ್) ನಿಯಮವನ್ನೂ ಉಪಕರಣವೇ ಬರೆದುಕೊಡುತ್ತದೆ.

ಉಳಿದಿರುವುದು ಅಟ್ಯಾಚ್‌ಮೆಂಟ್. ಮೈಗ್ರೇಶನ್‌ನ ಇಶ್ಯೂ ರಚನೆಯಲ್ಲಿ ಅದಕ್ಕೆ ಜಾಗ ಇಲ್ಲ. ರಿಸ್ಟೋರ್ ಆದ ಮೇಲೆ ಫೋರ್ಜೇಯೋದ ಎಪಿಐ ಮೂಲಕ ಪ್ರತಿ ಇಶ್ಯೂಗೆ ಕಡತ ಏರಿಸಬಹುದು. ಆದರೆ ಏರಿಸಿದವರ ಹೆಸರಿನಲ್ಲಿ ನನ್ನ ಹೆಸರು ಬೀಳುತ್ತದೆ, 'ಅಟ್ಯಾಚ್‌ಮೆಂಟ್ 12 ನೋಡಿ' ಎಂಬ ಮಾತುಗಳಿಗೆ ಕೊಂಡಿ ಕೊಡಲು ಒಡಲನ್ನು ಮತ್ತೆ ತಿದ್ದಬೇಕು. ಇನ್ನೊಂದು ದಾರಿ, ಎಲ್ಲ ಕಡತಗಳನ್ನೂ ಹಳೇ ಸಂಖ್ಯೆಯಲ್ಲೇ ಒಂದು ಸ್ಥಿರ ಫೋಲ್ಡರ್‌ನಲ್ಲಿಟ್ಟು, ಯಾಮಲ್ ಬರೆಯುವಾಗಲೇ ಅಲ್ಲಿಗೆ ಕೊಂಡಿ ಹಾಕುವುದು. ನನಗೆ ಎರಡನೆಯದು ಹಿಡಿಸಿದೆ.

---

ಸರ್ವರ್_ಕಾವಲು:

ಎರಡನೆಯದೇ ಸರಿ. ಒಂದು ಎಚ್ಚರಿಕೆ: ಆ ಫೋಲ್ಡರ್ ಅನ್ನು ಫೋರ್ಜೇಯೋ ಇರುವ ಡೊಮೇನ್‌ನಲ್ಲಿ ಇಡಬೇಡಿ. ಬಗ್‌ಗೆ ಅಂಟಿಸಿದ ಎಚ್‌ಟಿಎಂಎಲ್, ಎಸ್‌ವಿಜಿ ಕಡತಗಳಲ್ಲಿ ಸ್ಕ್ರಿಪ್ಟ್ ಇರಬಹುದು. ಅದೇ ಡೊಮೇನ್ ಆದರೆ ಲಾಗಿನ್ ಆದವರ ಕುಕೀಗೆ ಕೈ ಹಾಕಬಹುದು. ಬಗ್‌ಜಿಲ್ಲಾದಲ್ಲಿ ಅಟ್ಯಾಚ್‌ಮೆಂಟ್‌ಗೆ ಬೇರೆ ವಿಳಾಸ ಇಡುವ ಆಯ್ಕೆ ಇರುವುದೂ ಇದಕ್ಕೇ.

ನನ್ನ ಹತ್ತಿರ ಒಂದು 4.4 ಬಗ್‌ಜಿಲ್ಲಾ ಇನ್ನೂ ಓಡುತ್ತಿದೆ. ಎಕ್ಸ್‌ಎಂಎಲ್ ಓದುವ ಭಾಗ ಬಂದ ತಕ್ಷಣ ಹೇಳಿ, ಅದರ ಮೇಲೆ ಓಡಿಸಿ ಬಗ್ ಎಣಿಕೆ, ಕಾಮೆಂಟ್ ಎಣಿಕೆ ಎರಡನ್ನೂ ಡೇಟಾಬೇಸ್ ಜೊತೆ ತಾಳೆ ಹಾಕಿ ಇಲ್ಲೇ ಬರೆಯುತ್ತೇನೆ.